ಅರ್ಧ ನೀಲಿ ಬೋಟು

ಬೋಳಾರದ ನಮ್ಮ ಮನೆಯ ಹಿಂದೆ, ನದಿದಂಡೆಯಲ್ಲಿ, ಪೇಂಟರೊಬ್ಬರು ಮೀನುಗಾರಿಕೆ ಬೋಟುಗಳಿಗೆ ಬಣ್ಣ ಬಳಿಯುತ್ತಿದ್ದರು. ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಬಾಯಿಗೆ ಸುತ್ತಿಕೊಂಡರೆ ಬಣ್ಣಕ್ಕೆ ಬೆರೆಸುವ ಥಿನ್ನರಿನ ವಿಷ ಒಳಗೆ ಹೋಗದೆಂದು ನಂಬಿದ್ದರು. ಬೋಟಿನ ಯಜಮಾನರು ಗಂಟೆಗೊಮ್ಮೆ ಫೋನು ಮಾಡುವರು; "ಈಗ ಆಯ್ತು ಧಣಿ" ಎನ್ನುವಷ್ಟರಲ್ಲಿ ಇವರಿಗೆ ಕೆಮ್ಮು ಒತ್ತರಿಸಿ ಬರುವುದು.

"ಥಿನ್ನರ್ ಒಂದೇ ಅಲ್ಲ, ದಿನಾ ಈ ಟೆನ್ಷನ್ ಇದ್ರೆ ಅದರ ವಿಷ ಇನ್ನೂ ಜೋರು ತಾಗ್ತದೆ," ಎಂದರು, ಕೆಮ್ಮು ತೋರಿಸಲು ಹೋದಾಗ ಡಾಕ್ಟರು.

ಮರುದಿನ ಫೋನು ಬಂದಾಗ ಅವರು ಬ್ರಷ್ ಕೆಳಗಿಟ್ಟರು. "ಒಳ್ಳೆ ಮಾಸ್ಕ್ ಬೇಕು ಧಣಿ. ಫೋನು ಸಂಜೆ ಒಂದೇ ಸಲ. ಆಗದಿದ್ರೆ ಬೇರೆ ಜನ ನೋಡಿ."

ಮೂರು ದಿನ ಬೋಟು ಅರ್ಧ ನೀಲಿಯಾಗಿಯೇ ನಿಂತಿತು. ಕೊನೆಗೆ ಯಜಮಾನರೇ ಮಾಸ್ಕ್ ತಂದರು, ಫೋನನ್ನೂ ಸಂಜೆಗೆ ಸರಿಸಿದರು.

ಬೋಟು ನೀರಿಗಿಳಿದ ದಿನ ಹಗ್ಗ ಎಳೆಯುವವರಿಗೆ "ಐಸಾ" ಕೂಗಿದ್ದು ಪೇಂಟರೇ. ಒಮ್ಮೆಯೂ ಕೆಮ್ಮಲಿಲ್ಲ. ಬೋಟು ತೇಲಿದಾಗ ಆಚೆ ದಡಕ್ಕೆ ಕೇಳುವಂತೆ ಕೂಗಿದರು: "ಈಗ ಆಯ್ತು ಧಣಿ!"