ಕಸ್ತೂರಿಗೆ ನಾನು ಹೇಳಿಕೊಟ್ಟ ಶಬ್ದ

ನನ್ನ ಹೆಂಡತಿಗೆ ಒಂದು ಇಂಗ್ಲಿಷ್ ಶಬ್ದವನ್ನು ನಾನು ಬೇಕೆಂದೇ ತಪ್ಪಾಗಿ ಹೇಳಿಕೊಟ್ಟೆ. ಸರಿಯಾದ ಉಚ್ಚಾರ ನನಗೆ ಗೊತ್ತಿತ್ತು. ಆಮೇಲೆ ಅವಳು ಕೇಳಿದಾಗ ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಿದೆ. ಆ ಸುಳ್ಳಿನ ಜೊತೆ ಇಷ್ಟು ವರ್ಷ ಒಂದೇ ಮನೆಯಲ್ಲಿ, ಅವಳ ಪಕ್ಕದಲ್ಲೇ ಕುಳಿತು ಉಂಡೆ.

ಒಂದು ಶಬ್ದ ತಾನೇ, ಅನ್ನಬಹುದು ನೀವು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಂದುಕೊಂಡಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ —

ನಾನು ಬನಹಟ್ಟಿಯ ಒಂದು ನೂಲಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಹೈಸ್ಕೂಲು. ಆದರೂ ಓಣಿಯಲ್ಲಿ ಇಂಗ್ಲಿಷ್ ಬಲ್ಲವನೆಂದು ಹೆಸರಿತ್ತು. ಔಷಧಿ ಚೀಟಿ, ಯಂತ್ರದ ಮೇಲಿನ ಬರಹ, ಯಾವುದಿದ್ದರೂ ನೇಕಾರರು ನನ್ನ ಹತ್ತಿರ ಬರುತ್ತಿದ್ದರು. ಕಸ್ತೂರಿಯೂ ಹೈಸ್ಕೂಲು ಮುಗಿಸಿದವಳು. ತವರು ಮುಧೋಳ. ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ರೇಡಿಯೋದ ಇಂಗ್ಲಿಷ್ ವಾರ್ತೆ ಕೇಳುವಳು. ಕೇಳಿದ್ದನ್ನು ಹಾಗೆಯೇ ಬಾಯಲ್ಲಿ ಆಡಿಸುವಳು. ಅರ್ಥ ಎಷ್ಟು ಆಗುತ್ತಿತ್ತೋ ತಿಳಿಯದು. ಆದರೆ ಕಿವಿ ಬಹಳ ಚುರುಕು, ದನಿ ಅದಕ್ಕಿಂತ ಚೆಂದ.

ಒಂದು ಸಲ ಮುಧೋಳದಲ್ಲಿ, ಅವಳ ತಮ್ಮನ ಮನೆಯಲ್ಲಿ, ಊಟಕ್ಕೆ ಕುಳಿತಾಗ ನಾನು ಏನೋ ಹೇಳುತ್ತ ‘ವೆಡ್‌ನೆಸ್‌ಡೇ’ ಎಂದೆ. ಕಸ್ತೂರಿ ಸಾರು ಬಡಿಸುತ್ತಿದ್ದಳು.

“ವೆನ್ಸ್‌ಡೇ ಅಂತಾರ್ರಿ. ಆ ಡಿ ಸುಮ್ಮನ ಕುಂತಿರ್ತದ, ಮಾತಾಡೂದಿಲ್ಲ” ಎಂದಳು.

“ಡಿ ಅದ ಅಂದಮ್ಯಾಲ ಅನ್ನಾಕ ಬೇಕಲ್ಲ?” ಎಂದು ನಾನು ವಾದಕ್ಕೆ ನಿಂತೆ.

“ರೇಡಿಯೋದಾಗ ದಿನಾ ಕೇಳ್ತೇನ್ರಿ.”

ಅವಳ ತಮ್ಮ ತುತ್ತು ಬಿಟ್ಟು ನಕ್ಕ. “ಏನ್ ಮಾಮಾ, ಅಕ್ಕನ ಕಡೆ ಟೂಶನ್ ಹಚ್ರಿ. ಮನ್ಯಾವ್ರಿಗೆ ಫೀ ಮಾಫ್!”

ಎಲ್ಲರೂ ನಕ್ಕರು. ನಾನೂ ಹಲ್ಲು ತೋರಿಸಿದೆ. ಆದರೆ ಬಸ್ಸಿನಲ್ಲಿ ಬನಹಟ್ಟಿಯವರೆಗೆ ಅವಳ ಜೊತೆ ಮಾತಾಡಲಿಲ್ಲ. ಯಾಕೆ ಎಂದು ಅವಳು ಕೇಳಿದಳು, ತಲೆನೋವು ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಅದಾದ ಸ್ವಲ್ಪ ದಿನಕ್ಕೆ ಇಲ್ಲಿಯ ನೇಕಾರ ಹೆಂಗಸರ ಸಂಘದ ವಾರ್ಷಿಕ ಸಭೆ ಬಂತು. ಜಮಖಂಡಿಯಿಂದ ಒಬ್ಬ ಮಹಿಳಾ ಅಧಿಕಾರಿ ಅತಿಥಿಯಾಗಿ ಬರುವವರಿದ್ದರು. ನಿರೂಪಣೆಗೆ ಕಸ್ತೂರಿಯನ್ನು ಆರಿಸಿದರು. ಹಾಗೆ ಜನರೆದುರು ನಿಲ್ಲುವುದು ಅವಳಿಗೆ ಮೊದಲನೆಯದು. ಚೆನ್ನಾಗಿ ಮಾಡಿದರೆ ಸಂಘದ ಕಾರ್ಯದರ್ಶಿ ಮಾಡುತ್ತೇವೆ ಎಂದು ಹೇಳಿದ್ದರಂತೆ. ಅದನ್ನು ನನಗೆ ಹೇಳುವಾಗ ಅವಳ ಮುಖ — ಮದುವೆಯಲ್ಲಿಯೂ ನಾನು ಆ ಮುಖ ನೋಡಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ನನ್ನ ಹತ್ತಿರ ಬಂದು ನಿಂತಳು.

“ರೀ, ಅತಿಥಿಗೆ ಕೊಡೂ ಹೂವಿಗೆ ಖರೆ ಏನ್ ಅನ್ನಬೇಕು? ನಮ್ಮ ಮಂದಿ ಎಲ್ಲಾರೂ ಬೊಕ್ಕಿ ಅಂತಾರ. ಮೈಕಿನಾಗ ‘ಮ್ಯಾಡಮ್ಮರಿಗೆ ಬೊಕ್ಕಿ ಕೊಡ್ತೀವಿ’ ಅಂದ್ರ, ಮೈಮ್ಯಾಲ ಏಳೂ ಬೊಕ್ಕಿ ಕೊಡ್ತಾರೇನು ಅಂತ ನಗೂದಿಲ್ಲೇನು?”

ನಮ್ಮ ಕಡೆಯ ನಾಲಗೆಯಲ್ಲಿ ಆ ಹೂಗುಚ್ಛವೂ ಚರ್ಮದ ಗುಳ್ಳೆಯೂ ಒಂದೇ ಆಗಿಬಿಟ್ಟಿವೆ. ಅವಳ ಅಂಜಿಕೆ ಸರಿಯಾಗಿಯೇ ಇತ್ತು. ‘ಬುಕೇ’ ಅನ್ನಬೇಕೆಂದು ನನಗೆ ಗೊತ್ತಿತ್ತು. ಅಂಗಡಿಗೆ ಬರುತ್ತಿದ್ದ ಸಾಂಗಲಿಯ ಒಬ್ಬ ವ್ಯಾಪಾರಿ ನನ್ನನ್ನೇ ತಿದ್ದಿದ್ದರು. ಹೇಳಲು ಬಾಯಿಯನ್ನೂ ತೆರೆದೆ. ಆಗ ಆ ಊಟದ ಪಂಕ್ತಿಯ ನಗು ನೆನಪಾಯಿತು.

“ಬೊಕ್ವೆಟ್” ಎಂದೆ. “ಕಡೀಕ ಟಿ ಅದ. ಸ್ವಚ್ಛ ಕೇಳಬೇಕ ನೋಡು.”

ಅವಳು ನಂಬಿದಳು. ರೊಟ್ಟಿ ಬಡಿಯುತ್ತ, ತಲೆ ಬಾಚುತ್ತ, ಮಡಿಚಿಟ್ಟ ಇಳಕಲ್ ಸೀರೆ ತೆಗೆಯುತ್ತ ‘ಬೊಕ್ವೆಟ್, ಬೊಕ್ವೆಟ್’ ಎಂದು ಹೇಳಿಕೊಳ್ಳುತ್ತಲೇ ಇದ್ದಳು. ನಾನು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದೆ. ಎದ್ದು ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಏಳಲಿಲ್ಲ. ಸಿಟ್ಟಿನಲ್ಲಿ ಬಾಯಿ ತಪ್ಪಿತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಬೆಳಗು ಬಹಳ ಉದ್ದವಿತ್ತು.

ಸಭೆಯಲ್ಲಿ ಮೊದಲೆಲ್ಲ ಚೆನ್ನಾಗಿಯೇ ನಡೆಯಿತು. ಪವರ್‌ಲೂಮಿನ ಸದ್ದಿಗೆ ಕೂಗಿ ಮಾತಾಡುವ ನಮ್ಮ ಜನ ಅವಳ ದನಿಗೆ ಸುಮ್ಮನಾದರು. ಆಮೇಲೆ ಅವಳು ತಲೆ ಎತ್ತಿ, ಟಿ ಸ್ವಚ್ಛವಾಗಿ ಕೇಳುವಂತೆ, “ಈಗ ಅಧ್ಯಕ್ಷರು ಅತಿಥಿಗಳಿಗೆ ಬೊಕ್ವೆಟ್ ನೀಡಿ ಸ್ವಾಗತಿಸಬೇಕು” ಎಂದಳು.

ಅತಿಥಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಏ, ಬಕೀಟ ತರ್ರೆಪಾ, ಬಕೀಟ! ನಳಕ್ಕ ನೀರ ಬಂದಾವಂತ!”

ಇಡೀ ಸಭಾಭವನ ನಕ್ಕಿತು. ಬಾಗಿಲ ಹತ್ತಿರ ಗಂಡಸರ ನಡುವೆ ನಿಂತಿದ್ದ ನಾನೂ ನಕ್ಕೆ. ಇದನ್ನು ಬರೆಯದಿದ್ದರೆ ಉಳಿದುದನ್ನೆಲ್ಲ ಬರೆದೂ ಉಪಯೋಗವಿಲ್ಲ — ನಾನೂ ನಕ್ಕೆ. ಕಸ್ತೂರಿ ಜನರ ನಡುವೆ ನನ್ನ ಮುಖ ಹುಡುಕುತ್ತಿದ್ದಳು. ಸಿಕ್ಕಿತೋ ಇಲ್ಲವೋ, ನಾನು ಕೇಳಿಲ್ಲ. ಮೈಕನ್ನು ಪಕ್ಕದವಳ ಕೈಗೆ ಕೊಟ್ಟು ಕೆಳಗಿಳಿದಳು.

ಮನೆಗೆ ಬಂದ ಮೇಲೆ ಕೇಳಿದಳು, “ನಿಮಗ ಖರೇನ ಗೊತ್ತಿದ್ದಿಲ್ಲೇನ್ರಿ?”

“ಗೊತ್ತಿದ್ದಿಲ್ಲ.”

“ಹೋಗ್ಲಿ ಬಿಡ್ರಿ. ನೀವರ ಏನ್ ಮಾಡ್ತೀರಿ, ಪಾಪ. ಹೂಗುಚ್ಛ ಅಂದಿದ್ರ ಮುಗೀತಿತ್ತು, ನಂದ ಶಾಣ್ಯಾತನ ಹೆಚ್ಚಾತು.”

ನನ್ನನ್ನೇ ಸಮಾಧಾನ ಮಾಡಿದಳು. ಶಬ್ದ ಹೇಳಿಕೊಟ್ಟವರು ಯಾರೆಂದು ಯಾರೆದುರೂ ಬಾಯಿ ಬಿಡಲಿಲ್ಲ. ಗಂಡನ ಹೆಸರು ಕೆಡಬಾರದೆಂದು. ಓಣಿಯಲ್ಲಿ ಅವಳಿಗೆ ‘ಬಕೀಟ್ ಕಸ್ತೂರಿ’ ಎಂಬ ಹೆಸರು ನಿಂತಿತು. ಜನ ಇಂಗ್ಲಿಷ್ ಕೇಳಲು ನನ್ನ ಹತ್ತಿರ ಬರುವುದು ಮಾತ್ರ ಹಾಗೆಯೇ ನಡೆಯಿತು. ಮರುವರ್ಷ ಸಂಘದವರು ಕರೆಯಲು ಬಂದಾಗ “ಬ್ಯಾಡ್ರೆವಾ, ನನಗ ನಾಲಿಗಿ ತಿರುಗೂದಿಲ್ಲ” ಎಂದಳು. ಮತ್ತೆ ಕರೆದಾಗಲೂ ಅದೇ ಮಾತು. ಕಾರ್ಯದರ್ಶಿ ಬೇರೆಯವರಾದರು. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಶುರುವಾದರೆ ಎದ್ದು ಆರಿಸುತ್ತಿದ್ದಳು.

ಹೋದ ವಾರ ಚಿಮ್ಮಡದಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಹೊಸದಾಗಿ ಬಂದ ಸೊಸೆಗೆ ಅತ್ತೆ ಪರಿಚಯ ಮಾಡಿಕೊಟ್ಟಳು: “ಇವ್ರ ನಮ್ಮ ಬಕೀಟ್ ಕಾಕು. ನಮಸ್ಕಾರ ಮಾಡ.” ಆ ಹುಡುಗಿಗೆ ಅದು ಅಡ್ಡಹೆಸರೆಂದೂ ಗೊತ್ತಿಲ್ಲ. “ನಮಸ್ಕಾರ್ರಿ ಬಕೀಟ್ ಕಾಕು” ಎಂದು ಭಕ್ತಿಯಿಂದ ಕಾಲಿಗೆರಗಿದಳು. ಕಸ್ತೂರಿ ಅವಳ ತಲೆಯ ಮೇಲೆ ಕೈ ಇಟ್ಟು “ಛಲೋ ಇರು” ಎಂದಳು. ಅಷ್ಟೇ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ವೆನ್ಸ್‌ಡೇ ಮಾತು, ನನ್ನ ಸಿಟ್ಟು, ಸಾಂಗಲಿಯ ವ್ಯಾಪಾರಿ, ಬಾಗಿಲ ಹತ್ತಿರ ನಿಂತು ನಕ್ಕಿದ್ದು. ಅವಳು ಗೋಡೆ ಹಿಡಿದು ಕುಳಿತಳು. ಅಳಲಿಲ್ಲ, ಬೈಯಲಿಲ್ಲ. ಕಾಲಿನ ಚಪ್ಪಲಿ ಬಿಚ್ಚಿ ಬದಿಗಿಟ್ಟು ಕೇಳಿದಳು:

“ಇದನ್ನ ಸಂಘದಾಗ ಹೇಳ್ತೀರೇನು? ಮೈಕಿನಾಗ?”

ಕೂಡಲೇ ಹೂಂ ಅನ್ನಲು ನನಗೆ ಆಗಲಿಲ್ಲ. ಅದನ್ನೂ ಅವಳು ನೋಡಿದಳು. ಮರುದಿನ ಬೆಳಿಗ್ಗೆ ಚೀಲ ತುಂಬಿಕೊಂಡು ಗಲಗಲಿಗೆ, ತನ್ನ ತಂಗಿಯ ಮನೆಗೆ ಹೋದಳು. ಫೋನ್ ಮಾಡಿದರೆ “ಉಂಡ್ರೇನು?” ಅನ್ನುತ್ತಾಳೆ, ಉಂಡೆ ಅಂದರೆ ಇಟ್ಟುಬಿಡುತ್ತಾಳೆ.

ನಿನ್ನೆ ಸಂಘದ ಈಗಿನ ಅಧ್ಯಕ್ಷೆಯ ಮನೆಗೆ ಹೋಗಿ, ಈ ಸಲದ ಸಭೆಯಲ್ಲಿ ನನಗೆ ಸ್ವಲ್ಪ ಮಾತಾಡಲು ಬಿಡಬೇಕು ಎಂದು ಕೇಳಿದೆ. “ಏನ್ ಕಾಕಾ, ಹೆಣ್ಣಮಕ್ಕಳ ಸಭಾದಾಗ ನೀವ್ಯಾಕ ಬರ್ತೀರಿ?” ಎಂದು ಅವಳು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಆಗಲಿ ಎಂದಳು. ಕಸ್ತೂರಿಗೆ ಫೋನಿನಲ್ಲಿ ಅದನ್ನು ತಿಳಿಸಿದೆ. “ಉಂಡ್ರೇನು?” ಎಂದು ಕೇಳಿ ಇಟ್ಟುಬಿಟ್ಟಳು.

ಅವಳು ಬರಲಿ, ಬಿಡಲಿ, ನಾನು ಹೇಳುತ್ತೇನೆ. ಬಹಳ ಇಲ್ಲ: ಆ ಶಬ್ದ ಅವಳಿಗೆ ಹೇಳಿಕೊಟ್ಟವನು ನಾನು. ಅದು ತಪ್ಪೆಂದು ನನಗೆ ಗೊತ್ತಿತ್ತು. ಖಾಲಿ ಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿ ನೋಡುತ್ತಿದ್ದೇನೆ. ಮೊದಲನೆಯ ಮಾತು ಹೇಗೋ ಬರುತ್ತದೆ. ಎರಡನೆಯದಕ್ಕೆ ದನಿ ಸಣ್ಣದಾಗುತ್ತದೆ. ಹಿಂದಿನ ಸಾಲಿಗೆ ಅದು ಕೇಳಿಸಬೇಕು.