ಬೀಗಿತ್ತಿಯ ಮೀನಿನ ತೊಟ್ಟಿ

ಟಕ್, ಟಕ್, ಟಕ್. ಬೆರಳಿನ ಗೆಣ್ಣಿನಿಂದ ಮರದ ಮೇಲೆ ಮೂರು ಸಲ ಬಡಿದ ಸದ್ದು. ಅದರ ಹಿಂದೆಯೇ ಗದರಿಕೆ: "ಲೋ ದೊಡ್ಡಯ್ಯ, ಬಿಡೋ ಅವಳ್ನ! ಬಿಟ್ಯೋ ಇಲ್ವೋ?"

ಅಮೆರಿಕದ ಸಮಾಮಿಶ್‌ನಲ್ಲಿ ನನ್ನ ಮಗಳ ಮನೆಯಲ್ಲಿ ಇದ್ದ ಐದು ತಿಂಗಳೂ ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಅಲಾರ್ಮ್ ಅಲ್ಲ, ಈ ಸದ್ದು. ಬಡಿಯುತ್ತಿದ್ದವರು ನನ್ನ ಬೀಗಿತ್ತಿ ನಾಗರತ್ನಮ್ಮ, ಅಂದರೆ ಅಳಿಯ ಹರೀಶನ ತಾಯಿ. ಬೈಸಿಕೊಳ್ಳುತ್ತಿದ್ದದ್ದು ಬೆರಳುದ್ದದ ಒಂದು ನೀಲಿ ಮೀನು.

"ಗಾಜು ತಟ್ಟಬಾರ್ದು ಬೀಗ್ರೇ, ಪಾಪ, ಅವಕ್ಕೆ ಸಿಡ್ಲು ಹೊಡ್ದಂಗಾಗುತ್ತಂತೆ. ಕೆಳಗಿನ ಸ್ಟ್ಯಾಂಡ್ ತಟ್ಟಿದ್ರೆ ಸಾಕು. ಯಾರೋ ಬೈತಾವ್ರೆ ಅಂತ ತಿಳ್ಕೊಳ್ತವೆ."

ಕುಳ್ಳಗಿನ ಹೆಂಗಸು. ನೂಲಿನ ಸೀರೆಯ ಮೇಲೆ ಮಗನ ಹಳೆಯ ಸ್ವೆಟ್‌ಶರ್ಟ್, ತೋಳುಗಳನ್ನು ಮೊಣಕೈವರೆಗೆ ಮಡಚಿ, ತೊಟ್ಟಿಯ ಮುಂದೆ ಒಂದು ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು. ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡಿ ಒಬ್ಬನೇ ಮಗನನ್ನು ಎಂಜಿನಿಯರ್ ಮಾಡಿದವರು. ನಾನೋ ಮಂಗಳೂರಿನ ಕಾನ್ವೆಂಟಿನವಳು. ಊಟ ಮಾಡುವಾಗ ಮೇಜಿನ ಮೇಲೆ ಮೊಣಕೈ ಊರಬಾರದು, ದನಿ ಎತ್ತಬಾರದು, ಮನೆಯ ಮಾತು ಹೊರಗೆ ಹೋಗಬಾರದು ಎಂದು ಸಿಸ್ಟರ್‌ಗಳಿಂದ ಕಲಿತವಳು. ಮೊದಲ ವಾರ ಅವರನ್ನು ಸ್ವಲ್ಪ ಕೀಳಾಗಿಯೇ ಕಂಡೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಆ ಮೀನುಗಳು ಆಫ್ರಿಕದ ಯಾವುದೋ ಸರೋವರದವು. ಹರೀಶ ಶೋಕಿಗೆಂದು ತಂದವನು ತಿಂಗಳೊಳಗೆ ಮರೆತ. ನೋಡಲು ಬಹಳ ಬ್ಯೂಟಿಫುಲ್, ಸ್ವಭಾವ ಮಾತ್ರ ಮಹಾ ಕೆಟ್ಟದ್ದು. ನೀಲಿ ಮೀನು ತೊಟ್ಟಿಯಲ್ಲಿದ್ದ ದೊಡ್ಡ ಕಲ್ಲಿನ ಸಂದನ್ನು ತನ್ನದೆಂದು ಹಿಡಿದುಕೊಂಡು, ಹತ್ತಿರ ಸುಳಿದವರನ್ನೆಲ್ಲ ಅಟ್ಟಾಡಿಸುತ್ತಿತ್ತು. ಅದರಲ್ಲೂ ಒಂದು ಹಳದಿ ಹೆಣ್ಣು ಮೀನಿನ ಮೇಲೆ ಅದಕ್ಕೆ ಎಲ್ಲಿಲ್ಲದ ಸಿಟ್ಟು. ಹಳದಿಯ ಬಾಲ ಹರಿದು ನೂಲುನೂಲಾಗಿತ್ತು.

ಶನಿವಾರ ಹರೀಶ ನಮ್ಮೆಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಟೋಟೆಮ್ ಲೇಕ್‌ಗೆ ಶಾಪಿಂಗಿಗೆ ಕರೆದೊಯ್ಯುತ್ತಿದ್ದ. ಅಲ್ಲೊಂದು ಮೀನಿನ ಅಂಗಡಿ. ಬಿಳಿ ಗಡ್ಡದ ಅಂಗಡಿಯವನೂ ಬೀಗಿತ್ತಿಯೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ, ಕೈಬಾಯಿ ತಿರುಗಿಸಿ ಅರ್ಧ ಗಂಟೆ ಮಾತಾಡುತ್ತಿದ್ದರು. ಉಳಿದದ್ದನ್ನು ನನ್ನ ಮಗಳು ಅನಿತಾ ಕನ್ನಡಕ್ಕೆ ತಿರುಗಿಸುತ್ತಿದ್ದಳು.

"ಅತ್ತೆ, ಕಲ್ಲುಗಳನ್ನೆಲ್ಲ ತೆಗೆದು ಬೇರೆ ಥರ ಜೋಡಿಸ್ಬೇಕಂತೆ. ಆಗ ತನ್ನ ಜಾಗ ಯಾವ್ದು ಅಂತ ಅದಕ್ಕೆ ಗೊತ್ತಾಗಲ್ಲ, ಜಗಳ ಮರೀತದಂತೆ."

ಬೀಗಿತ್ತಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಇದನ್ನ ಈ ಗಡ್ಡದಯ್ಯ ನಂಗೆ ಹೇಳ್ಕೊಡ್ಬೇಕಾ? ಹಾಸ್ಟೆಲ್‌ನಲ್ಲಿ ಹುಡ್ಗೀರು ಜುಟ್ಟು ಹಿಡ್ಕೊಂಡ್ರೆ ವಾರ್ಡನ್ ಅಮ್ಮೋರು ಎಲ್ಲರ ಮಂಚಾನೂ ಬದ್ಲಾಯಿಸೋರು. ಎರಡು ದಿನ ತಣ್ಣಗಿರೋರು."

"ಆಮೇಲೆ?" ಎಂದೆ.

"ಆಮೇಲೆ ಹೊಸ ಮಂಚದ ಮೇಲೆ ಕೂತು ಜುಟ್ಟು ಹಿಡ್ಕೊಳೋರು!"

ಮನೆಗೆ ಬಂದು ಮೊಣಕೈವರೆಗೆ ನೀರಿನಲ್ಲಿ ಕೈಬಿಟ್ಟು ಕಲ್ಲುಗಳನ್ನು ಬದಲಿಸಿದರು. ನೀಲಿ ಮೀನು ಒಂದು ದಿನ ಪೆಕರನ ಹಾಗೆ ಸುತ್ತಿ, ಮರುದಿನ ಹೊಸ ಸಂದೊಂದನ್ನು ಹಿಡಿಯಿತು. ಆಮೇಲೆ ತೊಟ್ಟಿಯ ಎರಡೂ ತುದಿಗೆ ಒಮ್ಮೆಗೇ ಆಹಾರ ಹಾಕಿ ನೋಡಿದರು. ಅದೂ ಆಗಲಿಲ್ಲ. ಕೊನೆಗೆ ದೊಡ್ಡಯ್ಯನನ್ನು ಬಲೆಯಲ್ಲಿ ಹಿಡಿದು, ತೂತುಗಳಿದ್ದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ತೊಟ್ಟಿಯೊಳಗೇ ತೇಲಿಬಿಟ್ಟರು. "ಮೂರು ದಿನ ಜೈಲು" ಎಂದರು. ಬಿಡುಗಡೆಯಾದವನು ಒಂದೂವರೆ ದಿನ ಸಾಧುವಾಗಿದ್ದ. ಬೀಗಿತ್ತಿ ಖುಷಿಯಿಂದ ಪಾಯಸ ಮಾಡಿದರು. ನಾವು ಪಾಯಸ ತಿನ್ನುತ್ತಿದ್ದಾಗಲೇ ಅವನು ಹಳದಿಯನ್ನು ಮತ್ತೆ ಗಾಜಿಗೆ ಒತ್ತಿ ಕಚ್ಚಿದ.

ಆ ಮನೆಯಲ್ಲಿ ನಾವು ಮೂವರು ಹೆಂಗಸರು. ಸಮಾಮಿಶ್‌ನಲ್ಲಿ ಕಾರಿಲ್ಲದೆ ಒಂದು ಪ್ಯಾಕೆಟ್ ಹಾಲೂ ಸಿಗುವುದಿಲ್ಲ. ಅನಿತಾಗೆ ಡ್ರೈವಿಂಗ್ ಬರುತ್ತಿತ್ತು, ಗ್ಯಾರೇಜಿನಲ್ಲಿ ಇನ್ನೊಂದು ಕಾರೂ ಇತ್ತು. ಆದರೆ ಅದರ ಕೀ ಹರೀಶನ ಬ್ಯಾಗಿನಲ್ಲಿ. ಗಂಡನ ವೀಸಾದ ಮೇಲೆ ಹೋದವಳಾದ್ದರಿಂದ ಅವಳಿಗೆ ಕೆಲಸ ಮಾಡಲು ಪರ್ಮಿಶನ್ ಇರಲಿಲ್ಲ. ಸಂಜೆ ಬಂದವನೇ ಅವಳ ಫೋನ್ ತೆಗೆದುಕೊಂಡು ಯಾರಿಗೆಲ್ಲ ಕಾಲ್ ಮಾಡಿದ್ದಾಳೆ ಎಂದು ನೋಡುತ್ತಿದ್ದ. "ಟೇಕಿಂಗ್ ಕೇರ್" ಎಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು. ಮಂಗಳೂರಿನಲ್ಲಿ ಎಲ್ಲರ ಮುಂದೆ ಅಳಿಯನನ್ನು ಹೊಗಳಿ ಬಂದಿದ್ದೆನಲ್ಲ.

ಒಂದು ಶುಕ್ರವಾರ ಊಟದ ಹೊತ್ತಿಗೆ, ಕರ್ಕ್‌ಲ್ಯಾಂಡಿನ ಗೆಳತಿ ರೇಖಾಗೆ ಅವಳು ಕಾಲ್ ಮಾಡಿದ್ದು ಅವನಿಗೆ ಗೊತ್ತಾಯಿತು. ಸಾರಿನ ಬಟ್ಟಲು ಗೋಡೆಗೆ ಹೋಗಿ ಬಡಿಯಿತು. ಅವಳ ತೋಳು ಹಿಡಿದು ಒಳಗೆ ಎಳೆದೊಯ್ದ. ಆಮೇಲೆ ನಾನು ಅವಳ ತೋಳನ್ನು ನೋಡಿದೆ. ನಾಲ್ಕು ಬೆರಳಿನ ಗುರುತು. ಅವುಗಳ ಪಕ್ಕದಲ್ಲಿ ಹಳೆಯ, ಹಸಿರಿಗೆ ತಿರುಗಿದ ಬೇರೆ ಗುರುತುಗಳೂ ಇದ್ದವು.

"ಅಮ್ಮಾ, ನನ್ನನ್ನು ಊರಿಗೆ ಕರ್ಕೊಂಡು ಹೋಗು" ಎಂದಳು.

ನಾನು, ಅವಳ ಹೆತ್ತ ತಾಯಿ, ಹೇಳಿದ್ದೇನು? "ಆಫೀಸಿನ ಟೆನ್ಶನ್ ಇರ್ತದೆ ಮಗಾ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಒಂದು ಮಗು ಆದ್ರೆ ಎಲ್ಲ ಸರಿ ಹೋಗ್ತದೆ."

ಅವಳು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀಗಿತ್ತಿ ನೆಲದಲ್ಲಿ ಕೂತು ಸಾರು ಒರೆಸುತ್ತಿದ್ದರು. ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು, ಅಷ್ಟೇ.

ಮರುದಿನ ಹಳದಿ ಮೀನನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತೊಡೆಯ ಮೇಲಿಟ್ಟುಕೊಂಡು ಕಾರು ಹತ್ತಿದರು. "ಒಂದು ಮೀನಿಗೆ ಇಷ್ಟೊಂದು ಸೀನಾ ಅಮ್ಮ?" ಎಂದು ಹರೀಶ ನಕ್ಕ. ಹಿಂದಿನ ದಿನದ ಸುಳಿವೇ ಇಲ್ಲದ ನಗು. ಅನಿತಾಳನ್ನು ತರಕಾರಿ ತರಲು ತನ್ನ ಜೊತೆ ಕರೆದುಕೊಂಡು ಹೋದ. ಮೀನಿನ ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು.

ಅಂಗಡಿಯವನು ಹಳದಿಯನ್ನು ಬೇರೊಂದು ಖಾಲಿ ತೊಟ್ಟಿಗೆ ಬಿಟ್ಟ. ಅದು ಮೇಲಿನ ಮೂಲೆಗೆ ಹೋಗಿ ಅಲುಗದೆ ನಿಂತಿತು. ಬೀಗಿತ್ತಿ ಅದನ್ನೇ ನೋಡುತ್ತ ಮಾತಾಡಿದರು.

"ಕೆರೆಯಾಗಿದ್ರೆ ಸೋತೋಳು ಎಲ್ಲಾದ್ರೂ ಓಡೋಗ್ತಾಳೆ ಬೀಗ್ರೇ. ಇಲ್ಲಿ ಎಲ್ಲಿಗೆ ಓಡ್ತಾಳೆ? ನಾಕು ಕಡೆನೂ ಗಾಜು. ನಿಮ್ಮ ಮಗಳು ಬಚ್ಚಲುಮನೇಲಿ ದಿನಾ ಎಷ್ಟು ಹೊತ್ತು ಕೂತಿರ್ತಾಳೆ, ನೋಡಿದೀರಾ?"

ನಾನು ಹಳದಿಯ ಹರಿದ ಬಾಲವನ್ನೇ ನೋಡಿದೆ.

"ಹರೀಶನ ಅಪ್ಪನೂ ಹಿಂಗೇ. ನಾನು ಹಾಸ್ಟೆಲ್ ಕೆಲ್ಸಕ್ಕೆ ಯಾಕೆ ಸೇರ್ದೆ ಅಂತೀರಿ? ಅಡುಗೆಯೋರು ಮಗೂನ ಕಟ್ಕೊಂಡು ಅಲ್ಲೇ ಮಲಗಬೋದಿತ್ತು, ಅದಕ್ಕೆ. ಇವನಿಗೆ ಬೈದೆ, ಬೇಡ್ಕೊಂಡೆ, ಕಾಲೂ ಹಿಡ್ದೆ. ಎರಡು ದಿನ ಒಳ್ಳೆಯವನಾಗ್ತಾನೆ. ಸಾಕು, ಇನ್ನು ಇವಳನ್ನ ತೆಗೆದು ಆಚೆ ಇಡ್ಬೇಕು."

"ಜನ ಏನಂತಾರೆ, ಬೀಗ್ರೇ?" ಎಂದೆ. ಕಾನ್ವೆಂಟಿನಲ್ಲಿ ಕಲಿತು, ಇಷ್ಟು ವಯಸ್ಸಾದ ಮೇಲೂ ನನ್ನ ಬಾಯಿಂದ ಬಂದ ಮಾತು ಅದೇ.

"ಜನ ನಂಗನ್ಲಿ. ಹೆತ್ತೋಳು ನಾನು." ರವಿಕೆಯೊಳಗಿಂದ ಒಂದು ಚೀಟಿ ತೆಗೆದು ನನ್ನ ಕೈಗೆ ತುರುಕಿದರು. ಅನಿತಾಳ ಕೈಬರಹದಲ್ಲಿ ರೇಖಾಳ ನಂಬರ್. "ಇಂಗ್ಲಿಷ್ ಕಲ್ತೋರು ನೀವು. ಈ ಗಡ್ಡದಯ್ಯನ ಹತ್ರ ಪೋನು ಇಸ್ಕೊಳಿ. ಅವ್ನು ತರಕಾರಿ ತಗೊಂಡು ಬರೋದ್ರೊಳಗೆ ಮಾತಾಡಿ. ಏನು, ಹೆದ್ರಿಕೆ ಆಗ್ತಿದ್ಯಾ? ಆಗ್ಲಿ ಬಿಡಿ, ಬಾಯಿ ಸರಿಯಾಗಿದ್ರೆ ಸಾಕು."

"ಮೇ ಐ ಯೂಸ್ ಯುವರ್ ಟೆಲಿಫೋನ್, ಪ್ಲೀಸ್?" ಜೀವಮಾನದಲ್ಲಿ ನನ್ನ ಇಂಗ್ಲಿಷ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಒಂದು ವಾಕ್ಯದಲ್ಲಿ ಎಂದು ನನಗೆ ಅನ್ನಿಸುತ್ತದೆ. ರೇಖಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಮಂಗಳವಾರ ಹತ್ತು ಗಂಟೆಗೆ ಬರ್ತೀನಿ ಆಂಟಿ, ರೆಡಿಯಾಗಿರಿ" ಎಂದಳು.

ಆಮೇಲಿನದೆಲ್ಲ ನಡೆದುಹೋಯಿತು. ನಾವು ರೇಖಾಳ ಅಪಾರ್ಟ್‌ಮೆಂಟಿನಲ್ಲಿ ಕೆಲವು ದಿನ ಇದ್ದು ಊರಿಗೆ ಮರಳಿದೆವು. ಅನಿತಾ ಮತ್ತೆ ಕೆಲಸಕ್ಕೆ ಸೇರಿದಳು. ಸಣ್ಣ ಸದ್ದಿಗೆ ಬೆಚ್ಚಿಬೀಳುವುದನ್ನು ಬಿಡಲು ಅವಳಿಗೆ ಎರಡು ವರ್ಷ ಹಿಡಿಯಿತು. ಡೈವೋರ್ಸ್ ಆಯಿತು. ಅಷ್ಟೊಂದು ಕಾಗದಪತ್ರಗಳಲ್ಲಿ ನಾಗರತ್ನಮ್ಮನ ಹೆಸರು ಎಲ್ಲಿಯೂ ಇರಲಿಲ್ಲ. ಅವರಿಗೆ ತಮ್ಮದೆಂದು ಒಂದು ಫೋನೂ ಇರಲಿಲ್ಲ. ಹರೀಶನ ನಂಬರಿಗೆ ಕಾಲ್ ಮಾಡಿ "ನಿಮ್ಮ ತಾಯಿ ಹೇಗಿದ್ದಾರೆ" ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಸಾಲ ಹಾಗೇ ಉಳಿದಿದೆ.

ಆ ಮಂಗಳವಾರ ಹರೀಶ ಎಂಟೂವರೆಗೆ ಆಫೀಸಿಗೆ ಹೊರಟ. ಕಾರು ತಿರುವು ದಾಟಿದ ಮೇಲೆ ಬೀಗಿತ್ತಿ ಮಹಡಿಗೆ ಹೋಗಿ ಮಗನ ಕಪಾಟಿನಿಂದ ಫೈಲ್ ತಂದರು. ಇಂಗ್ಲಿಷ್ ಓದಲು ಬಾರದು. ಒಂದೊಂದೇ ಪಾಸ್‌ಪೋರ್ಟ್ ಬಿಡಿಸಿ, ಫೋಟೋ ನೋಡಿ, ನನ್ನದನ್ನು ನನ್ನ ಕೈಗೂ ಅನಿತಾಳದನ್ನು ಅವಳ ಕೈಗೂ ಕೊಟ್ಟರು. ತಮ್ಮದನ್ನು ಫೈಲಿನಲ್ಲೇ ಬಿಟ್ಟು ದಾರ ಕಟ್ಟಿದರು.

"ಅತ್ತೆ, ನೀವೂ ಬನ್ನಿ. ನಿಮ್ಮನ್ನ ಸುಮ್ನೆ ಬಿಡಲ್ಲ ಅವ್ನು" ಎಂದಳು ಅನಿತಾ.

"ನಿನ್ನ ಪೋನು ಇಲ್ಲೇ ಬಿಟ್ಟೋಗು. ನಾನು ಬಂದ್ಬಿಟ್ರೆ ಮಧ್ಯಾಹ್ನ ಅವ್ನು ಅದಕ್ಕೆ ಪೋನ್ ಮಾಡ್ದಾಗ ಎತ್ತೋರ್ಯಾರು? ಮಲಗವ್ಳೆ, ಸ್ನಾನಕ್ಕೋಗವ್ಳೆ ಅಂತ ಸಂಜೆಗಂಟ ಹೇಳ್ತೀನಿ. ಅಷ್ಟರೊಳಗೆ ನೀವು ಎಲ್ಲಿಗಾದ್ರೂ ಸೇರ್ಕಳಿ." ಸೊಸೆಯ ಗಲ್ಲ ಹಿಡಿದರು. "ನನ್ನ ಮಗ ಅಂತ ನೀನು ಸುಮ್ನಿದ್ದೆ ಕಣವ್ವ. ನನ್ನ ಮಗ ಅಂತ ನಾನೂ ಸುಮ್ನಿದ್ದೆ. ಆಯ್ತು, ನಡಿ."

ನಾನು ಕೈ ಮುಗಿದೆ. "ಎಂತ ಹೇಳೋದು ಬೀಗ್ರೇ..." ಎಂದೆ. ಅವರು ನನ್ನ ಕೈಗಳನ್ನು ಬಿಡಿಸಿ, ಅದರಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟರು.

ಸರಿಯಾಗಿ ಹತ್ತಕ್ಕೆ ರೇಖಾಳ ಕಾರು ಬಂತು. ಎರಡು ಸೂಟ್‌ಕೇಸ್, ಒಂದು ಕೈಚೀಲ. ಅದು ಕಸದ ಗಾಡಿ ಬರುವ ದಿನ. ಬೀಗಿತ್ತಿ ನಮ್ಮ ಜೊತೆಗೆ ರಸ್ತೆಯವರೆಗೂ ಬಂದರು. ಆದರೆ ಕಾರಿನ ಹತ್ತಿರ ನಿಲ್ಲಲಿಲ್ಲ, ಟಾಟಾ ಮಾಡಲಿಲ್ಲ. ಎದುರುಮನೆಯವರು ನೋಡಿದರೂ ದಿನದ ಹಾಗೇ ಕಾಣಲಿ ಎಂದೋ ಏನೋ, ಖಾಲಿಯಾದ ಕಸದ ಡಬ್ಬವನ್ನು ಎರಡೂ ಕೈಯಿಂದ ಎಳೆದುಕೊಂಡು ಗ್ಯಾರೇಜಿನತ್ತ ನಡೆದರು. ಅದರ ಚಕ್ರಗಳು ಗಡಗಡ ಎನ್ನುತ್ತಿದ್ದವು. ಒಳಗೆ ಹೋಗಿ, ನಮ್ಮ ಕಡೆ ತಿರುಗಿ ನಿಂತು, ಗೋಡೆಯ ಬಟನ್ ಒತ್ತಿದರು. ಗ್ಯಾರೇಜಿನ ಬಾಗಿಲು ಮೇಲಿನಿಂದ ನಿಧಾನವಾಗಿ ಇಳಿಯತೊಡಗಿತು. ಮೊದಲು ಮುಖ ಮರೆಯಾಯಿತು, ಆಮೇಲೆ ಮಗನ ಸ್ವೆಟ್‌ಶರ್ಟ್, ಆಮೇಲೆ ಸೀರೆಯ ನೆರಿಗೆ. ಕಾಲುಚೀಲದ ಮೇಲೆ ತೊಟ್ಟ ಹವಾಯಿ ಚಪ್ಪಲಿಗಳೆರಡು ಒಂದು ಕ್ಷಣ ಕಂಡವು. ಬಾಗಿಲು ನೆಲಕ್ಕೆ ಮುಟ್ಟಿತು.