ಅಳಿಸದೆ ಬಿಟ್ಟ ಮಚ್ಚೆ

ಕಾಲೇಜಿನ ಹೊಸ ಗುರುತಿನ ಚೀಟಿ ಮಾಡಿಸಲು ನಿನ್ನೆ ಹೊನ್ನಾಳಿಯ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋಗಿದ್ದೆ. ಲ್ಯಾಮಿನೇಷನ್ ಯಂತ್ರದಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅದರ ಹಿಂದೆಯೇ, ಕರೆಯದಿದ್ದರೂ, ನೆನಪಿನೊಳಗೆ ಗಾಜು ಒಡೆಯುವ ಸದ್ದು...

ಜಗಳೂರಿನಲ್ಲಿ ಉಪನ್ಯಾಸಕಿಯಾಗಿದ್ದಾಗ ನಾನು ಒಂದು ಫೋಟೊ ಸ್ಟುಡಿಯೊದ ಮೇಲಿನ ಕೋಣೆಯಲ್ಲಿದ್ದೆ. ಸ್ಟುಡಿಯೊದವರು ಒಂಟಿ ಮನುಷ್ಯ, ಮುಂಗೋಪಿ. ಮಗು ಕಣ್ಣು ಮುಚ್ಚಿದರೆ ತಾಯಿಗೆ ಬೈಯುತ್ತಿದ್ದರು. ಮದುವೆಗಳಿಲ್ಲದ ತಿಂಗಳುಗಳಲ್ಲಿ ಅವರ ಕಂಪ್ಯೂಟರಿನ ತುಂಬ ಆಕಾಶವೇ. ದೊಡ್ಡ ದೂರದರ್ಶಕಗಳು ತುಂಡು ತುಂಡಾಗಿ ತೆಗೆದ ಆಕಾಶದ ಚಿತ್ರಗಳನ್ನು ವಿಜ್ಞಾನಿಗಳು ಅಂತರ್ಜಾಲದಲ್ಲಿ ಹಾಕುತ್ತಾರೆ. ಯಾರು ಬೇಕಾದರೂ ನೋಡಿ ಇದು ನಕ್ಷತ್ರ, ಇದು ಗೆಲಾಕ್ಸಿ, ಇದೇನೋ ತಿಳಿಯದು ಎಂದು ಗುರುತು ಹಾಕಬಹುದು. ಸ್ಟುಡಿಯೊದವರಿಗೆ ಬೇಕಾಗಿದ್ದುದು ಆ ತಿಳಿಯದ್ದು. ಅವರಿಗೆ ಸಿಕ್ಕಿದ್ದೆಲ್ಲ ಕೊನೆಗೆ ಉಪಗ್ರಹ ಎಳೆದ ಗೀರೋ ಕ್ಯಾಮೆರಾದ ದೋಷವೋ ಆಗಿರುತ್ತಿತ್ತು. ಆಗ ಮೌಸನ್ನು ಮೇಜಿಗೆ ಕುಟ್ಟುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ಗೆಲಾಕ್ಸಿಯ ಪಕ್ಕ ಹಸಿರು ಕಲೆ ಸಿಕ್ಕಿತು, ಉಗುರಿನಿಂದ ಪರಚಿದಂಥದ್ದು. ಬೇರೆ ದೂರದರ್ಶಕದಿಂದ ನೋಡಿ ನಿಜವೋ ದೋಷವೋ ತಿಳಿಸುತ್ತೇವೆ ಎಂದು ವಿಜ್ಞಾನಿಯೊಬ್ಬರು ಬರೆದರು.

"ಇದೊಂದು ನಿಜ ಆಗ್ಬಿಟ್ರೆ ಸಾಕ್ರೀ ಮೇಡಂ. ಇಷ್ಟು ವರ್ಷ ಮಂದಿ ಮುಖದಾಗಿನ ಕಲೆ ಅಳಿಸಿದ್ದೇ ಆತು. ಒಂದಾದ್ರೂ ಹುಡುಕಿದೆ ಅಂತ ಆಗ್ತೈತೆ."

ಉತ್ತರ ಬರುವ ಮೊದಲೇ ಒಬ್ಬ ಹುಡುಗಿಯ ಫೋಟೊ ಗಂಡಿನ ಮನೆಗೆ ಹೋಗಬೇಕಿತ್ತು. ಅವಳ ಕುತ್ತಿಗೆಯ ಮೇಲೊಂದು ಬಿಳಿ ಮಚ್ಚೆ. ಇಂಥದ್ದನ್ನು ಮನೆಯವರು ಬಾಯಿಬಿಟ್ಟು ಹೇಳುವುದಿಲ್ಲ. "ಸ್ವಲ್ಪ ಟಚ್ ಮಾಡ್ರಿ" ಅಂದರೆ ಸಾಕು, ಮಚ್ಚೆ ಮಾಯ. ಈ ಸಲ ಅದು ಹಾಗೇ ಉಳಿದು ಹೋಯಿತು. ಗಂಡಿನ ಕಡೆಯವರು ಫೋಟೊ ಹಿಂದಕ್ಕೆ ಕಳಿಸಿದರು.

ಮಧ್ಯಾಹ್ನ ಹುಡುಗಿಯ ಅಣ್ಣ ಮತ್ತು ಸೋದರಮಾವ ಸ್ಟುಡಿಯೊಗೆ ನುಗ್ಗಿದರು. ಕಾಲೇಜಿಗೆ ಹೊರಟಿದ್ದ ನಾನು ಬಾಗಿಲಲ್ಲೇ ಇದ್ದೆ.

"ಆಕಾಶದಾಗಿನ ಚುಕ್ಕಿ ಕಾಣ್ತೈತೆ, ಕಣ್ಮುಂದಿನ ಮಚ್ಚೆ ಕಾಣಲ್ಲೇನೋ ನಿಂಗೆ?" ಎಂದು ಅಣ್ಣ ಸ್ಟುಡಿಯೊದವರ ಕೊರಳಪಟ್ಟಿ ಹಿಡಿದು ಹಣೆಯನ್ನು ಮೇಜಿಗೆ ಅಪ್ಪಳಿಸಿದ. ಮಾವ ಕಂಪ್ಯೂಟರನ್ನು ತಂತಿಸಮೇತ ಕಿತ್ತು ಗೋಡೆಗೆಸೆದ. ಗೋಡೆಯ ಮೇಲಿನ ಫೋಟೊಗಳ ಗಾಜು ಸಿಡಿದು ನನ್ನ ಕೆನ್ನೆ ಸೀಳಿತು. ಸ್ಟುಡಿಯೊದವರೇನೂ ಸುಮ್ಮನಿರಲಿಲ್ಲ, ಕ್ಯಾಮೆರಾದ ಮುಕ್ಕಾಲಿ ಬೀಸಿ ಅಣ್ಣನ ದವಡೆ ಮುರಿದರು. ರಕ್ತದ ಜೊತೆ ಹಲ್ಲು ಬಿತ್ತು. ಅವನು ಅದೇ ಮುಕ್ಕಾಲಿಯನ್ನು ಕಸಿದುಕೊಂಡು ಅದರ ಚೂಪು ಕಾಲಿನಿಂದ ಅವರ ಎಡಗಣ್ಣಿಗೆ ತಿವಿದ.

"ಇದ್ದದ್ದನ್ನ ಅಳಸಾಕೆ ಆಗಲ್ಲ!" ಎಂದು ಅವರು ಅರಚಿದ್ದು ನನ್ನ ಕಿವಿಯಲ್ಲಿದೆ. ವರ್ಷಗಳಿಂದ ಎಲ್ಲರಿಗೂ ಹಾಗೆಯೇ ಹೇಳುತ್ತ ಬಂದಿದ್ದೇನೆ. ನಿಜವಾಗಿ ಅರಚಿದರೇ? ಹಸಿರು ಕಲೆಯ ಗುಂಗಿನಲ್ಲಿ ಟಚ್ ಮಾಡುವುದನ್ನೇ ಮರೆತಿದ್ದರೇ? ಆ ಮಾತು ನಾನೇ ಆಮೇಲೆ ಹುಟ್ಟಿಸಿದ್ದೇ...

ದಾವಣಗೆರೆಯ ಆಸ್ಪತ್ರೆಯಲ್ಲಿ ಕಣ್ಣು ಉಳಿಯಲಿಲ್ಲ. ಉತ್ತರ ಬಂದಾಗ ಅವರು ಅಲ್ಲೇ ಮಲಗಿದ್ದರು. ಅವರ ಮೊಬೈಲಿನಲ್ಲಿ ನಾನೇ ಓದಿ ಕನ್ನಡದಲ್ಲಿ ಹೇಳಿದೆ: ಕಲೆ ನಿಜ. ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದು, ಹರಿದು ಹೊರಚೆಲ್ಲಿದ ಅನಿಲ ಅಲ್ಲಿ ಹೊಳೆಯುತ್ತಿದೆ.

ಅವರು ಮೊಬೈಲನ್ನು ಇಸಿದುಕೊಂಡು ಉಳಿದ ಕಣ್ಣಿನ ಹತ್ತಿರ ಹಿಡಿದರು.

"ಅಲ್ಲೂ ಬಡಿದಾಟಾನೇ ಏನ್ರೀ?" ಎಂದು ನಕ್ಕರು. ನಕ್ಕ ರಭಸಕ್ಕೆ ಬ್ಯಾಂಡೇಜು ಕೆಂಪಾಯಿತು. "ಯಾರು ಗೆದ್ರಂತೆ?"

"ಯಾರೂ ಇಲ್ಲ. ಎರಡೂ ಹರಿದುಹೋಗಿವೆ."

ಸ್ಟುಡಿಯೊ ಮತ್ತೆ ತೆರೆಯಲಿಲ್ಲ. ಅವರು ಸವಳಂಗದ ತಂಗಿಯ ಮನೆ ಸೇರಿದರು. ಅಲ್ಲಿಯೇ ತೀರಿಕೊಂಡರೆಂಬ ಸುದ್ದಿ ನನಗೆ ತಲುಪಿದ್ದು ತಿಥಿಯೂ ಮುಗಿದ ಮೇಲೆ.

ನಿನ್ನೆ ಅಂಗಡಿಯಾಕೆ ಪರದೆಯ ಮೇಲೆ ನನ್ನ ಮುಖವನ್ನು ದೊಡ್ಡದು ಮಾಡಿದಳು. ಮೌಸಿನ ಬಾಣ ಕೆನ್ನೆಯ ಹಳೆಯ ಗಾಯದ ಮೇಲೆ ಬಂದು ನಿಂತಿತು.

"ಈ ಗೀರು ತೆಗ್ದುಬಿಡ್ಲೇನ್ರೀ ಮೇಡಂ?"

"ಬೇಡ, ಇರಲಿ ಬಿಡಿ" ಎಂದೆ.

ಆ ಹುಡುಗಿಯ ಮಚ್ಚೆಯನ್ನು ಅವರು ಬೇಕೆಂದೇ ಬಿಟ್ಟಿದ್ದರೋ, ಮರೆತಿದ್ದರೋ... ಹೇಳಬೇಕಾದವರು ಈಗಿಲ್ಲ.